ಬಿಡ್ತು ಅನ್ನು, ರೋಜಮ್ಮ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಬಯ್ಯುತ್ತಾರೆ. ತೀರಿಕೊಂಡು ಹದಿನೈದು ದಿನವಾದ ಮನುಷ್ಯ ಹೇಗೆ ಬಯ್ಯುತ್ತಾರೆ ಎಂದು ನೀವು ಕೇಳಬಹುದು. ಅವರನ್ನು ಬಲ್ಲವರು ಯಾರೂ ಕೇಳುವುದಿಲ್ಲ. "ಪೇಪರ್‌ನಲ್ಲಿ ಹೆಸರು, ಫೋಟೋ ಬರೋದು ಎರಡೇ ಕಾರಣಕ್ಕೆ ಕಣೋ. ಒಂದು, ಇಲೆಕ್ಷನ್‌ಗೆ ನಿಂತಿರ್ಬೇಕು. ಇಲ್ಲಾ, ಹೋಗಿರ್ಬೇಕು. ನಂಗೆ ಎರಡೂ ಬೇಡ," ಎನ್ನುತ್ತಿದ್ದರು. ಎರಡನೆಯದು ಅವರ ಕೈಯಲ್ಲಿರಲಿಲ್ಲ. ಆದರೂ ಕೊಟ್ಟ ಮಾತು ಮಾತೇ. ಮೂವತ್ತು ವರ್ಷ ಕರೆದಂತೆ ಇಲ್ಲಿಯೂ ಅಣ್ಣ ಎಂದೇ ಕರೆಯುತ್ತೇನೆ.

ಅಣ್ಣ ಇದ್ದದ್ದು ದೊಡ್ಡಬಳ್ಳಾಪುರದಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲಿ. ನನ್ನದು ಸೀರೆ ನೇಯುವ ನಾಲ್ಕು ಪವರ್‌ಲೂಮ್. ಅಣ್ಣನಿಗೆ ಮಗ್ಗವಿರಲಿಲ್ಲ, ಮಗ್ಗಕ್ಕೆ ಏನು ನೇಯಬೇಕೆಂದು ಹೇಳಿಕೊಡುವುದು ಅವರ ಕೆಲಸ. ಅಂಚಿನಲ್ಲಿ ನವಿಲು ಬರಬೇಕೆಂದರೆ ಮೊದಲು ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ನವಿಲನ್ನು ಬಿಡಿಸಿ, ಆಮೇಲೆ ಉದ್ದುದ್ದ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯಬೇಕು. ಆ ತೂತುಗಳ ಲೆಕ್ಕದಲ್ಲಿ ಮಗ್ಗ ಎಳೆ ಎತ್ತುತ್ತದೆ. ಅಣ್ಣನ ಕೈ ತಪ್ಪಿದ್ದನ್ನು ನಾನು ನೋಡಿದ್ದು ಒಂದೇ ಸಲ. ಆ ಸೀರೆಯ ನವಿಲುಗಳೆಲ್ಲ ಕಣ್ಣು ಮುಚ್ಚಿಕೊಂಡಿದ್ದವು. "ಧ್ಯಾನ ಮಾಡ್ತಾವೆ, ಹಂಗೇ ಮಾರು," ಎಂದರು. ಮಾರಿದೆ. ಕಣ್ಣು ಮುಚ್ಚಿದ ನವಿಲೇ ಬೇಕೆಂದು ಇನ್ನೂ ಹತ್ತು ಸೀರೆಗೆ ಆರ್ಡರ್ ಬಂತು.

ಕೈ ಅಷ್ಟು ನಿಖರವಾಗಿದ್ದ ಮನುಷ್ಯನಿಗೆ ಕಿವಿ ಮಾತ್ರ ವಿಪರೀತ. ಕೆಟ್ಟ ಮಾತು ಅವರ ಕಿವಿಗೆ ಬೀಳುವ ಹಾಗಿಲ್ಲ. ಅಕ್ಕಿ ಮುಗಿಯಿತು ಎನ್ನಬಾರದು, ಹೆಚ್ಚಿತು ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಇದೆಲ್ಲ ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುವುದೇ. ಆದರೆ ಅಣ್ಣನ ಎದುರು "ಟಿವಿ ಸತ್ತೋಗಿದೆ" ಎಂದರೂ ಆಗುತ್ತಿರಲಿಲ್ಲ. ತಕ್ಷಣ ಬೆರಳೆತ್ತಿ, "ಬಿಡ್ತು ಅನ್ನು," ಎನ್ನುತ್ತಿದ್ದರು. ಆಡಿದ ಕೆಟ್ಟ ಮಾತು ಬಿಟ್ಟುಹೋಯಿತು, ಯಾರಿಗೂ ತಟ್ಟುವುದಿಲ್ಲ ಎಂದು ಆಡಿದವರ ಬಾಯಿಂದಲೇ ಹೇಳಿಸಬೇಕು. ಹೇಳಿಸುವವರೆಗೆ ಆ ಬೆರಳು ಇಳಿಯುತ್ತಿರಲಿಲ್ಲ. ಒಮ್ಮೆ ವಿಮೆ ಏಜೆಂಟ್ ಒಬ್ಬ ಬಂದು, "ಒಂದು ವೇಳೆ ನಿಮ್ಮ ನಂತರ..." ಎಂದು ಶುರು ಮಾಡಿದ. ಪಾಪ, ಅರ್ಧ ಗಂಟೆಯಲ್ಲಿ ಏಳು ಸಲ ಬಿಡ್ತು ಎಂದು, ಕಾಫಿ ಕುಡಿದು, ಪಾಲಿಸಿ ಇಲ್ಲದೆ ಎದ್ದುಹೋದ. ನಾವು ಹಿಂದಿನಿಂದ ಅಣ್ಣನನ್ನು ಬಿಡ್ತಣ್ಣ ಎನ್ನುತ್ತಿದ್ದೆವು. ಅವರಿಗೂ ಗೊತ್ತಿತ್ತು.

ಇಂಥವರಿಗೆ ಎದೆನೋವು ಬಂತು. ಬರೀ ಗ್ಯಾಸ್ಟ್ರಿಕ್ ಎಂದು ಹೆಂಡತಿಗೆ ಹೇಳಿ, ನನ್ನನ್ನು ಕರೆದುಕೊಂಡು ಬೆಂಗಳೂರಿನ ಆಸ್ಪತ್ರೆಗೆ ಹೋದರು. ಹೃದಯದ ಮೂರು ರಕ್ತನಾಳ ಕಟ್ಟಿಕೊಂಡಿವೆ, ಮೂರು ತಿಂಗಳೊಳಗೆ ಆಪರೇಷನ್ ಆಗಲೇಬೇಕು ಎಂದು ಡಾಕ್ಟರು ಹೇಳಿದರು. ಮಾಡಿಸದಿದ್ದರೆ ಏನಾಗುತ್ತದೆ ಎಂದೂ ಹೇಳಿದರು.

"ಬಿಡ್ತು ಅನ್ನಿ ಡಾಕ್ಟ್ರೇ," ಎಂದರು ಅಣ್ಣ.

ಡಾಕ್ಟರು ಬೇರೆ ರಾಜ್ಯದವರು, ಕನ್ನಡ ಅಷ್ಟಕ್ಕಷ್ಟೆ. "ಏನು ಬಿಡ್ತು?" ಎಂದು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಮನೆಯಲ್ಲಿ ಓದಿಕೊಂಡು ಸಹಿ ಮಾಡಿ ತನ್ನಿ ಎಂದು ಒಂದು ಒಪ್ಪಿಗೆ ಪತ್ರ ಕೊಟ್ಟರು. ಅದರ ಕೊನೆಯ ಸಾಲು, ಈ ಶಸ್ತ್ರಚಿಕಿತ್ಸೆಯಲ್ಲಿ ಸಾವು ಸಂಭವಿಸಬಹುದು ಎಂಬುದು ನನಗೆ ತಿಳಿದಿದೆ ಎಂದಿತ್ತು. ಅದರ ಕೆಳಗೆ ಸಹಿಗೆ ಗೆರೆ. ಅಣ್ಣ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕುಳಿತು ಓದಿದರು. "ಸಾ... ಅಂತ ಬರ್ದಿರೋದ್ರ ಕೆಳಗೆ ನಾನು ಹೆಸ್ರು ಬರೀಬೇಕಾ? ಆಗಲ್ಲ ಕಣೋ ನಾಗಾ," ಎಂದು ಕಾಗದ ಮಡಿಸಿ ಜೇಬಿಗಿಟ್ಟರು. ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ನನಗೆ ಬೇಕಿದ್ದದ್ದು ಒಂದೇ: ಆ ಗೆರೆಯ ಮೇಲೆ ಅವರ ಸಹಿ.

ನಮ್ಮ ಇಟಲಿ ಪ್ರಯಾಣ ನಿಗದಿಯಾಗಿದ್ದದ್ದು ಆ ಹೊತ್ತಿಗೇ. ಅಲ್ಲಿನ ಉತ್ತರ ಭಾಗದ ಒಂದು ಊರಿನಲ್ಲಿ ಮಗ್ಗದ ಯಂತ್ರಗಳ ದೊಡ್ಡ ಮೇಳ. ನಾನು, ಸೀರೆ ಅಂಗಡಿಯ ಗೋವಿಂದು, ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಇಂಜಿನಿಯರ್ ಆಗಿರುವ ಶ್ರೀಧರ ಹೊರಟಿದ್ದೆವು. ಅಣ್ಣನೂ ಟಿಕೆಟ್ ಮಾಡಿಸಿದ್ದರು. ಕಂಪ್ಯೂಟರ್ ಮಗ್ಗ ಬಂದ ಮೇಲೆ ಅವರ ರಟ್ಟಿನ ಕಾರ್ಡು ಕೇಳುವವರು ಕಡಿಮೆಯಾಗಿದ್ದರು. "ನನ್ನ ಅನ್ನ ಕಿತ್ಕೊಂಡ ಸವತಿ ಮುಖ ಒಂದ್ಸಲ ನೋಡ್ಬೇಕು," ಎನ್ನುತ್ತಿದ್ದರು. ಮಾತ್ರೆ ತಪ್ಪಿಸದೆ, ಭಾರ ಎತ್ತದೆ ಹೋಗಿಬನ್ನಿ, ಬಂದಮೇಲೆ ಒಂದು ದಿನವೂ ತಡ ಮಾಡಬೇಡಿ ಎಂದು ಡಾಕ್ಟರು ಒಪ್ಪಿದರು. ನಾನು ಮನಸ್ಸಿನಲ್ಲೇ ಸುಬ್ರಹ್ಮಣ್ಯನಿಗೆ ಕೈ ಮುಗಿದು ಅವರ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡೆ.

ಸವತಿಯನ್ನು ನೋಡಿದ್ದಾಯಿತು. ಅಣ್ಣ ಆ ಯಂತ್ರದ ಸುತ್ತ ಮೂರು ಸುತ್ತು ಬಂದು, "ಚೆನ್ನಾಗವ್ಳೆ. ಆದ್ರೆ ಇವ್ಳ ನವಿಲು ಧ್ಯಾನ ಮಾಡಲ್ಲ," ಎಂದು ತೀರ್ಪು ಕೊಟ್ಟರು. ಮೇಳ ಶುಕ್ರವಾರ ಮುಗಿಯಿತು. ರೋಮ್‌ನಿಂದ ವಿಮಾನ ಸೋಮವಾರ. ನಡುವಿನ ಎರಡು ದಿನ ಏನು ಮಾಡುವುದು? ದಕ್ಷಿಣಕ್ಕೆ ಹೋಗೋಣ, ಅಮಾಲ್ಫಿ ಎಂಬ ಕರಾವಳಿ ಇದೆ, ಬೆಟ್ಟ ನೇರ ಸಮುದ್ರಕ್ಕೆ ಇಳಿದಿದೆ ಎಂದು ಶ್ರೀಧರ ಫೋನಿನಲ್ಲಿ ಫೋಟೋ ತೋರಿಸಿದ. ಅಣ್ಣ ಹುಟ್ಟಿದಂದಿನಿಂದ ಸಮುದ್ರ ನೋಡಿದವರಲ್ಲ. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ನಡೀರಿ," ಎಂದರು.

ನೇಪಲ್ಸ್ ಊರಿನಲ್ಲಿ ಶನಿವಾರ ಬೆಳಗ್ಗೆ ಬಾಡಿಗೆಗೆ ಒಂದು ಸಣ್ಣ ಕಾರು ಹಿಡಿದೆವು. ಓಡಿಸುವವನು ಶ್ರೀಧರ. ಹೊರಡಬೇಕು, ಅಣ್ಣ ಹತ್ತಲಿಲ್ಲ. ಚೀಲದಿಂದ ಘಾಟಿ ಸುಬ್ರಹ್ಮಣ್ಯನ ಕುಂಕುಮದ ಪೊಟ್ಟಣ ತೆಗೆದು ಬಾನೆಟ್ಟಿಗೆ ಹಚ್ಚಿದರು. ಬಾಡಿಗೆಯವನು ಓಡಿಬಂದು ಒರೆಸಿದ. ಅಣ್ಣ ಮತ್ತೆ ಹಚ್ಚಿದರು. ಅವನು ಮತ್ತೆ ಒರೆಸಿದ.

"ಇರ್ಲಿ, ಬೊಟ್ಟು ಬೇಡ. ಚಕ್ರಕ್ಕೆ ನಿಂಬೆಹಣ್ಣು ಇಡ್ದೆ ಮಾತ್ರ ನಾನು ಹತ್ತಲ್ಲ," ಎಂದರು.

ರಸ್ತೆಯ ಆಚೆಯೇ ಹಣ್ಣಿನ ಅಂಗಡಿ. ಅಲ್ಲಿನ ನಿಂಬೆಹಣ್ಣು ನೋಡಿ ನಾವು ಬಾಯಿ ಬಿಟ್ಟೆವು. ಒಂದೊಂದೂ ಸುಲಿದ ತೆಂಗಿನಕಾಯಿಯಷ್ಟು ದಪ್ಪ. ಅಣ್ಣ ನಾಲ್ಕು ತಂದು ನಾಲ್ಕು ಚಕ್ರಕ್ಕೂ ಇಟ್ಟರು. ಶ್ರೀಧರ ಕಾರು ಎಬ್ಬಿಸಿದ. ಅದು ಹಣ್ಣಿನ ಮೇಲೆ ಹತ್ತಲಾರದೆ ಗೊರಗೊರ ಎಂದಿತು. ಅವನು ಜೋರಾಗಿ ಒತ್ತಿದ. ಮೂರು ಹಣ್ಣು ಒಡೆದವು. ನಾಲ್ಕನೆಯದು ಸಿಡಿದು, ರಸ್ತೆ ದಾಟಿ, ಕೊಂಡ ಅಂಗಡಿಯ ಬುಟ್ಟಿಗೇ ಹೋಗಿ ಬಡಿಯಿತು. ಅಂಗಡಿಯಾಕೆ ಎರಡು ಕೈ ಎತ್ತಿ ಕೂಗಿದಳು. ನಾವು ಕ್ಷಮಿಸಿ ಎಂದು ಕೈ ಮುಗಿದೆವು. ಆಕೆ ಕೊನೆಗೆ ನಕ್ಕುಬಿಟ್ಟಳು. ನಕ್ಕು, ಅಣ್ಣನ ಕಡೆ ಕೈಬೀಸಿ, "ಚಾವ್! ಚಾವ್!" ಎಂದಳು.

ಮುಗಿದಿದ್ದ ಅಣ್ಣನ ಕೈ ಥಟ್ಟನೆ ಕೆಳಗಿಳಿಯಿತು.

ಇಲ್ಲೊಂದು ಮಾತು ಹೇಳಬೇಕು. ಅಣ್ಣನ ಮನೆಮಾತು ತೆಲುಗು. ನಮ್ಮ ನೇಕಾರರ ಬೀದಿಗಳಲ್ಲಿ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊಸಿಲು ದಾಟಿದರೆ ಕನ್ನಡ. ತೆಲುಗಿನಲ್ಲಿ ಚಾವು ಎಂದರೆ ಸಾವು. ಎದುರಿಗಿರುವವರಿಗೆ ಚಾವು ಎಂದರೆ, ಸಾಯಿ ಎಂದು.

"ಹಣ್ಣು ಅವ್ಳ ಹತ್ರಾನೇ ತಗೊಂಡ್ವಿ. ತಪ್ಪಾಯ್ತು ಅಂತ ಕೈ ಮುಗಿದ್ವಿ. ಆದ್ರೂ ನಗ್ತಾ ನಗ್ತಾ ಸಾ... ಅಂತ ಅಂತಾಳಲ್ಲೋ!" ಎಂದರು ಅಣ್ಣ.

"ಅಯ್ಯೋ ಅಣ್ಣಾ, ಅದು ಅವ್ರ ಭಾಷೇಲಿ ನಮಸ್ಕಾರ ಇದ್ದಂಗೆ. ಸಿಕ್ಕಾಗ್ಲೂ ಅಂತಾರೆ, ಹೊರಡುವಾಗ್ಲೂ ಅಂತಾರೆ," ಎಂದ ಶ್ರೀಧರ.

"ಬಂದಾಗ್ಲೂ ಸಾ..., ಹೊರಟಾಗ್ಲೂ ಸಾ...? ಎಂಥಾ ದೇಶಕ್ಕೆ ಕರ್ಕೊಂಡು ಬಂದ್ಯಪ್ಪಾ!"

ಗೋವಿಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅವನಿಗೆ ಆಪರೇಷನ್ ವಿಷಯ ಗೊತ್ತಿರಲಿಲ್ಲ. ನನಗೆ ನಗು ಬರಲಿಲ್ಲ.

ಆ ರಸ್ತೆಯಾದರೂ ಎಂಥದ್ದು! ನಂದಿ ಬೆಟ್ಟದ ತಿರುವುಗಳನ್ನೆಲ್ಲ ಒಂದು ಕಡೆ ಸೇರಿಸಿ ಸಮುದ್ರದ ನೆತ್ತಿಯ ಮೇಲಿಟ್ಟ ಹಾಗೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಏನೂ ಇಲ್ಲ. ಎದುರಿನಿಂದ ಬಸ್ಸು ಬಂದರೆ ನಾವು ಬಂಡೆಗೆ ಅಂಟಿಕೊಳ್ಳಬೇಕು. ಅಲ್ಲಿ ಬಲಗಡೆ ಓಡಿಸುತ್ತಾರೆ. ಶ್ರೀಧರ ಎರಡು ಸಲ ಮರೆತು ದೊಡ್ಡಬಳ್ಳಾಪುರಕ್ಕೆ ಹೋಗಿಬಂದ. ಅಣ್ಣ ಕಣ್ಣು ಮುಚ್ಚಿ ಕುಳಿತಿದ್ದರು. "ಸಮುದ್ರ ಕಾಣ್ತಿದೆ, ಕಣ್ ಬಿಡಿ ಅಣ್ಣಾ," ಎಂದೆ. "ನಿಂತ್ಮೇಲೆ ನೋಡ್ತೀನಿ. ಅದೇನು ಓಡೋಗುತ್ತಾ?" ಎಂದರು. ಹಾಗೆ ಆ ಪ್ರಪಂಚಪ್ರಸಿದ್ಧ ಕರಾವಳಿಯ ಮೊದಲ ಒಂದೂವರೆ ಗಂಟೆಯನ್ನು ಅವರು ನೋಡಲೇ ಇಲ್ಲ.

ನಾವು ಉಳಿಯಬೇಕಿದ್ದದ್ದು ಬಂಡೆಗೆ ಅಂಟಿಕೊಂಡ ಒಂದು ಸಣ್ಣ ಹಳ್ಳಿಯಲ್ಲಿ, ರೋಸಾ ಎಂಬ ಹೆಂಗಸಿನ ಮನೆಯಲ್ಲಿ. ಅರವತ್ತರ ಆಸುಪಾಸು, ದಪ್ಪ ಮೈ, ಸೊಂಟಕ್ಕೆ ಕಟ್ಟಿದ ಅಡುಗೆ ಬಟ್ಟೆ. ಹತ್ತು ನಿಮಿಷದಲ್ಲಿ ಗೋವಿಂದು ಆಕೆಯನ್ನು ರೋಜಮ್ಮ ಮಾಡಿದ್ದ. ಮನೆಯ ಹಿಂದೆ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಆಕೆಯ ನಿಂಬೆ ತೋಟ. ನಾವು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಾಗ ಆಕೆ ಎರಡೂ ತೋಳು ಚಾಚಿ ಎದುರು ಬಂದು, "ಚಾವ್ ಚಾವ್ ಚಾವ್!" ಎಂದಳು. ಒಂದಲ್ಲ, ಮೂರು.

ಅಣ್ಣ ಅಲ್ಲೇ ನಿಂತರು. ಬೆರಳೆತ್ತಿದರು. ನನಗೆ ಗೊತ್ತಾಗಿಹೋಯಿತು.

"ತಾಯಿ, ಬಿಡ್ತು ಅನ್ನು."

"ಬಿ...?" ಎಂದಳು ಆಕೆ.

"ಬಿಡ್ತು."

"ಬಿತ್ತು!" ಎಂದಳು ಸಂತೋಷದಿಂದ.

"ಬಿತ್ತು ಅಲ್ಲಮ್ಮಾ! ಇಂಥಾ ಗುಡ್ಡದ ಮೇಲೆ ನಿಂತ್ಕೊಂಡು ಬಿತ್ತು ಅಂತಾರೇನು? ಬಿಡ್ತು, ಬಿಡ್ತು! ನಾಲಿಗೆ ಮೇಲಕ್ಕೆ ಮಡಚು!"

ನಾಚಿಕೆಯಿಂದ ನನಗೆ ಆ ಗುಡ್ಡದಿಂದ ಹಾರಿಬಿಡೋಣ ಎನ್ನಿಸಿತು. ಆದರೆ ರೋಜಮ್ಮ ಬಿಡುವ ಪೈಕಿ ಅಲ್ಲ. ಬಾಗಿಲಲ್ಲೇ ನಿಂತು, ಅಣ್ಣನ ಬಾಯಿ ನೋಡಿ ನೋಡಿ, ಐದಾರು ಸಲ ಬಿತ್ತು, ಬಿದ್ದು, ಬಿಟ್ಟು ಎಲ್ಲ ಆಗಿ ಕೊನೆಗೆ "ಬಿಡ್ತೂ!" ಎಂದಳು. ಅಣ್ಣನ ಬೆರಳು ಇಳಿಯಿತು. ಆಮೇಲೆ ಒಳಗೆ ಹೋದೆವು. ನೀರು ತಂದಿಟ್ಟು ಹೊರಡುವಾಗ ಆಕೆ ಅಣ್ಣನ ಕಡೆ ತಿರುಗಿ, "ಚಾವ್," ಎಂದು, ತಾನೇ ಬೆರಳೆತ್ತಿ, "ಬಿಡ್ತೂ," ಎಂದಳು. ಆ ಎರಡು ದಿನ ಅದೇ ನಡೆಯಿತು. ಆಕೆ ಎದುರು ಮನೆಯವರಿಗೂ, ಕಾಫಿ ಅಂಗಡಿಯವನಿಗೂ ಕಲಿಸಿದಳು. ಓಣಿಯಲ್ಲಿ ಅಣ್ಣ ಬಂದರೆಂದರೆ ಎರಡೂ ಕಡೆಯಿಂದ ಚಾವ್ ಬಿಡ್ತು, ಚಾವ್ ಬಿಡ್ತು. ನಮ್ಮ ಭಾಷೆಯ ಒಂದು ಪದ ಅಷ್ಟು ದೂರ ಹೋಗಿ ಅಷ್ಟು ಜನರ ಬಾಯಲ್ಲಿ ಆಡಿದ್ದು ಅದೇ ಮೊದಲಿರಬೇಕು.

ಸಂಜೆ ಗೋವಿಂದು, ಶ್ರೀಧರ ಅಂಗಡಿ ಸುತ್ತಲು ಹೋದರು. ನಾನು, ಅಣ್ಣ ಸಮುದ್ರದ ಎದುರಿನ ಕಟ್ಟೆಯ ಮೇಲೆ ಕುಳಿತೆವು. ಬಿಸಿಲು ಇನ್ನೂ ಇತ್ತು. ಅಣ್ಣ ಸಮುದ್ರವನ್ನು ಹೊಸ ಸೀರೆ ನೋಡುವ ಹಾಗೆ ತಲೆ ಓರೆ ಮಾಡಿ ನೋಡುತ್ತಿದ್ದರು. "ಅಂಚೇ ಇಲ್ವಲ್ಲೋ," ಎಂದರು. ಇದೇ ಸಮಯವೆಂದು ನಾನು ಬಾಯಿ ತೆಗೆದೆ.

"ಅಣ್ಣಾ, ಆ ಪೇಪರ್‌ಗೆ ಸಹಿ ಹಾಕಿ."

"ಊರಿಗೆ ಹೋಗಿ ನೋಡೋಣ."

"ಎರಡು ತಿಂಗ್ಳಿಂದ ಇದನ್ನೇ ಹೇಳ್ತಿದೀರ. ಇಲ್ಲೇ ಇದೆ, ನಿಮ್ಮ ಪಾಸ್‌ಪೋರ್ಟ್ ಚೀಲದಲ್ಲಿ ಮಡ್ಚಿಟ್ಟಿದೀರ, ನಾನು ನೋಡಿದೀನಿ. ಹಾಕಿ."

"ಆಗಲ್ಲ ಅಂದ್ನಲ್ಲ."

ನನಗೆ ಮೈ ಉರಿದುಹೋಯಿತು. ನನ್ನ ಸಿಟ್ಟು ಬೀದಿಗೆಲ್ಲ ಗೊತ್ತಿರುವುದೇ. "ಒಂದು ಪದಕ್ಕೆ ಹೆದ್ರಿಕೊಂಡು ಕೂತಿದೀರಲ್ಲ! ಸಹಿ ಹಾಕ್ದೆ ಹಿಂಗೇ ಕೂತಿದ್ರೆ ಸಾ..." ಎಂದವನು ಅಲ್ಲೇ ತಡೆದೆ.

ಅಣ್ಣ ಬೆರಳೆತ್ತಲಿಲ್ಲ. ನನ್ನ ಕಡೆ ತಿರುಗಿ, "ಅನ್ನು. ಪೂರ್ತಿ ಅನ್ನು," ಎಂದರು.

ನನ್ನ ಬಾಯಿಂದ ಹೊರಡಲಿಲ್ಲ.

"ನೋಡ್ದಾ? ಇದನ್ನೆಲ್ಲ ನಂಬಲ್ಲ ಗಿಂಬಲ್ಲ ಅನ್ನೋ ನಿನ್ನ ಬಾಯಲ್ಲೇ ಬರಲ್ಲ. ನಾನು ಹೆಂಗೋ ಅದ್ರ ಕೆಳಗೆ ಹೆಸ್ರು ಬರೀಲಿ?" ಸಮುದ್ರದ ಕಡೆ ತಿರುಗಿ ಹೇಳಿದರು. "ನನ್ನ ತಮ್ಮ ಒಬ್ಬ ಇದ್ದ, ಗೊತ್ತಾ ನಿಂಗೆ? ಇಲ್ಲ, ನಿಂಗೆ ಹೆಂಗೆ ಗೊತ್ತಿರುತ್ತೆ. ಅವ್ನಿಗೆ ಆರು ವರ್ಷ, ನಂಗೆ ಒಂಬತ್ತು. ನನ್ನ ಬುಗುರಿ ತಗೊಂಡೋಗಿ ಮೋರಿಗೆ ಹಾಕ್ದ. ಸಿಟ್ಟಲ್ಲಿ ಚಾ... ಅಂತ ಅಂದ್ಬಿಟ್ಟೆ. ಆ ವಾರಾನೇ ಜ್ವರ ಬಂತು. ಉಳೀಲಿಲ್ಲ. ಅವತ್ತು ನಾನು ಹಂಗಂದಾಗ ಪಡಸಾಲೆ ತುಂಬಾ ಜನ ಇದ್ರು ಕಣೋ. ಬಿಡ್ತು ಅನ್ನು ಅಂತ ಒಬ್ರೂ ಹೇಳಲಿಲ್ಲ."

ಅಷ್ಟು ವರ್ಷ ಅವರನ್ನು ಬಿಡ್ತಣ್ಣ ಎಂದು ನಕ್ಕಿದ್ದೆ. ಅಂದು ನನಗೆ ತಲೆ ಎತ್ತಲು ಆಗಲಿಲ್ಲ. ಜ್ವರಕ್ಕೂ ಮಾತಿಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಒಂಬತ್ತು ವರ್ಷದ ಹುಡುಗನಿಗೆ ಅದನ್ನು ಹೇಳಬೇಕಿತ್ತು. ಅರವತ್ತೆಂಟರ ಮುದುಕರಿಗೆ ಹೇಳಿ ಏನು ಫಲ? ಅವರ ಕೈ ಹಿಡಿದುಕೊಂಡು ಕುಳಿತೆ.

ಭಾನುವಾರ ಬೆಳಗ್ಗೆ ಬೋಟಿನಲ್ಲಿ ಪಕ್ಕದ ಊರಿಗೆ ಹೋಗುವುದೆಂದಿತ್ತು. ಗೋವಿಂದು ಬ್ರೆಡ್ಡಿಗೆ ಚಟ್ನಿಪುಡಿ ಕಲಸಿ ತಿನ್ನುತ್ತ ತಡ ಮಾಡಿದ. ನಾವೆಲ್ಲ ಮೆಟ್ಟಿಲು ಇಳಿದು ದಡಕ್ಕೆ ಬರುವಷ್ಟರಲ್ಲಿ, ದಾರಿ ತೋರಿಸಲು ಬಂದ ರೋಜಮ್ಮನ ಎದುರೇ ಬೋಟು ಹೊರಟುಹೋಯಿತು. "ಥತ್! ಬಿಡ್ತು! ಬೋಟು ಬಿಡ್ತು!" ಎಂದು ಗೋವಿಂದು ಕೂಗಿದ. ರೋಜಮ್ಮನಿಗೆ ತನಗೆ ಗೊತ್ತಿದ್ದ ಪದ ಕೇಳಿ ಖುಷಿಯಾಯಿತು. ಆಕೆಯೂ ದೂರ ಹೋಗುತ್ತಿದ್ದ ಬೋಟಿಗೆ ಕೈಬೀಸಿ, "ಬಿಡ್ತೂ! ಬಿಡ್ತೂ!" ಎಂದಳು. ನಾವು ನಕ್ಕೆವು. ಯಾಕೆ ಹಾಗೆಂದಳೆಂದು ಆಗ ಯಾರೂ ಯೋಚಿಸಲಿಲ್ಲ.

ಬೋಟು ತಪ್ಪಿದ್ದರಿಂದ ಅಲ್ಲಿಯೇ ದಡದಲ್ಲಿ ಉಳಿದೆವು. ಮರಳಿಲ್ಲ, ಎಲ್ಲ ನುಣುಪಾದ ಕಲ್ಲುಗಳು. ಅಣ್ಣ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿ, ಪಾದ ಮುಳುಗುವಷ್ಟು ನೀರಿಗಿಳಿದು, ಬೊಗಸೆಯಲ್ಲಿ ನೀರೆತ್ತಿ ತಲೆಗೆ ಚಿಮುಕಿಸಿಕೊಂಡರು. ಆಗ ನೀರಿನೊಳಗಿನಿಂದ ಒಬ್ಬ ಮುದುಕ ಎದ್ದುಬಂದ. ರೋಜಮ್ಮನ ತಂದೆಯಂತೆ. ಎಂಬತ್ತು ದಾಟಿದೆ, ದಿನಾ ಈಜುತ್ತಾನೆ. ಮೈಮೇಲೆ ಒಂದು ಚಡ್ಡಿ. ಎದೆಯ ಮೇಲೆ, ಗಂಟಲ ಕೆಳಗಿಂದ ಹೊಟ್ಟೆಯ ತನಕ, ಒಂದು ಉದ್ದನೆಯ ಹೊಲಿಗೆಯ ಗುರುತು.

ಅಣ್ಣ ಆ ಹೊಲಿಗೆಯನ್ನೇ ನೋಡುತ್ತ ನಿಂತುಬಿಟ್ಟರು.

ಮುದುಕನಿಗೆ ತಿಳಿಯಿತು. ಅವನಿಗೆ ಇಂಗ್ಲಿಷ್ ಬಾರದು, ಅಣ್ಣನಿಗೂ ಬಾರದು. ಅವನು ತನ್ನ ಎದೆಯನ್ನು ಬೆರಳಿನಿಂದ ಸೀಳಿ ತೋರಿಸಿದ, ಎರಡು ಕೈಯಿಂದ ಬಾಗಿಲಿನಂತೆ ತೆರೆದು ತೋರಿಸಿದ, ಮತ್ತೆ ಮುಚ್ಚಿ ಹೊಲಿದು ತೋರಿಸಿದ. ಬೆರಳುಗಳನ್ನು ಮಡಿಸಿ ಹನ್ನೊಂದು ವರ್ಷ ಎಂದು ತೋರಿಸಿದ. ಆಮೇಲೆ ಕಣ್ಣು ಮುಚ್ಚಿ, ಎದೆಯ ಮೇಲೆ ಕೈ ಜೋಡಿಸಿ, ಸತ್ತವನಂತೆ ನಟಿಸಿದ. ಥಟ್ಟನೆ ಕಣ್ಣು ಬಿಟ್ಟು, ಎದುರಿಗೆ ಬಂದು ನಿಂತ ಯಾರನ್ನೋ ಆಚೆ ಕಳಿಸುವ ಹಾಗೆ ಕೈಬೀಸಿ, ಜೋರಾಗಿ "ಚಾವ್! ಚಾವ್!" ಎಂದು ಗಹಗಹಿಸಿ ನಕ್ಕ.

ಅಣ್ಣ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಅವರೂ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ನಾಗಾ, ನೋಡ್ದೇನೋ! ಸಾವಿಗೇ ಚಾವು ಅಂದ್ಬಿಟ್ಟನಲ್ಲೋ ಈ ಮುದುಕ! ಸಾವಿಗೇ ಸಾಯಿ ಅಂದವ್ನೆ!"

ಅವರ ಬಾಯಲ್ಲಿ ಆ ಪದವನ್ನು ನಾನು ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಎರಡೂ ಭಾಷೆಯಲ್ಲಿ ಅಂದರು. ಬಿಡ್ತು ಅನ್ನಲು ಮರೆತರು. ನಾನು ನೆನಪಿಸಲಿಲ್ಲ.

ಮಧ್ಯಾಹ್ನ ರೋಜಮ್ಮ ನಿಂಬೆಯನ್ನು ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ, ಉಪ್ಪು, ಎಣ್ಣೆ ಹಾಕಿ ತಟ್ಟೆಯಲ್ಲಿಟ್ಟಳು. ಅದನ್ನು ಪಲ್ಯದ ಹಾಗೆ ತಿನ್ನುತ್ತಾರೆ. ಅಣ್ಣ ತಿನ್ನುತ್ತ ತಿನ್ನುತ್ತ ಪಾಸ್‌ಪೋರ್ಟ್ ಚೀಲ ಬಿಚ್ಚಿ, ಆ ಕಾಗದ ತೆಗೆದು, ಪೆನ್ನು ಕೇಳಿದರು. ಊಟದ ಮೇಜಿನ ಮೇಲೆ, ಎಂಜಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಗುಂಡು ಗುಂಡು ಕನ್ನಡ ಅಕ್ಷರಗಳಲ್ಲಿ ಸಹಿ ಹಾಕಿದರು. ಆಗಲೇ ಗೋವಿಂದುಗೂ ಶ್ರೀಧರನಿಗೂ ವಿಷಯ ತಿಳಿದದ್ದು. ಗೋವಿಂದು ತನ್ನ ತಟ್ಟೆಯ ನಿಂಬೆಯನ್ನೂ ಅಣ್ಣನ ತಟ್ಟೆಗೇ ಬಡಿಸಿದ. ರೋಜಮ್ಮ ಮಾತ್ರ ಇದೇನೋ ಅತಿಥಿಗಳು ಬರೆಯುವ ಪತ್ರವೆಂದುಕೊಂಡು, ಒಳಗಿಂದ ತನ್ನ ಪುಸ್ತಕ ತಂದು ಅದಕ್ಕೂ ಬರೆಯಿರಿ ಎಂದಳು. ಅಣ್ಣ ಅದರಲ್ಲಿ ಚೌಕ ಚೌಕವಾಗಿ ಒಂದು ನಿಂಬೆಹಣ್ಣು ಬಿಡಿಸಿದರು.

ಹೊರಡುವಾಗ ಆಕೆ ಕಾರಿನವರೆಗೂ ಬಂದಳು. "ಚಾವ್," ಎಂದಳು. ಅಣ್ಣ ಕಾರಿನ ಕಿಟಕಿಯಿಂದ ತಲೆ ಹಾಕಿ, "ಚಾವ್, ರೋಜಮ್ಮ," ಎಂದರು. ಎಂದವರೇ ಗಾಬರಿಯಾಗಿ ಕೆನ್ನೆ ಕೆನ್ನೆ ಬಡಿದುಕೊಂಡು, "ಬಿಡ್ತು, ಬಿಡ್ತು," ಎಂದರು. ಆಕೆಯೂ ಕೆನ್ನೆ ಬಡಿದುಕೊಂಡು, "ಬಿಡ್ತೂ, ಬಿಡ್ತೂ," ಎಂದು, ತಿರುವಿನಲ್ಲಿ ನಾವು ಮರೆಯಾಗುವವರೆಗೂ ಕೈ ಬೀಸಿದಳು. ವಾಪಸು ದಾರಿಯಲ್ಲಿ ಅಣ್ಣ ಕಣ್ಣು ಬಿಟ್ಟುಕೊಂಡೇ ಕುಳಿತಿದ್ದರು.

ಡಾಕ್ಟರು ಕಾಗದ ನೋಡಿ, ಈ ಹಳದಿ ಕಲೆ ಏನು ಎಂದು ಕೇಳಿದರು. "ಇಟಲಿ ನಿಂಬೆಹಣ್ಣು ಡಾಕ್ಟ್ರೇ, ದೃಷ್ಟಿ ಆಗ್ಬಾರ್ದು ಅಂತ," ಎಂದರು ಅಣ್ಣ. ಆಪರೇಷನ್ ಚೆನ್ನಾಗಿಯೇ ಆಯಿತು. ಎದೆಯ ಹೊಲಿಗೆಯನ್ನು ಬಂದವರಿಗೆಲ್ಲ ಅಂಗಿ ಬಿಚ್ಚಿ ತೋರಿಸತೊಡಗಿದರು. "ಎಷ್ಟು ನೀಟಾಗಿ ಹೊಲ್ದವ್ರೆ ನೋಡು, ಒಂದು ಎಳೆ ತಪ್ಪಿಲ್ಲ." ನಾವು ಸಾಕಪ್ಪಾ ಸಾಕು ಎನ್ನುವ ತನಕ ತೋರಿಸಿದರು. ಬಿಡ್ತು ಅನ್ನಿಸುವ ಚಟ ಮಾತ್ರ ಹೋಗಲಿಲ್ಲ.

ಹಾಸಿಗೆಯಲ್ಲಿದ್ದಾಗಲೇ ನಿಂಬೆಹಣ್ಣಿನ ಅಂಚು ಬಿಡಿಸಿದರು. ಹಳದಿ ಹಣ್ಣು, ಹಸಿರು ಎಲೆ, ಕೆಳಗೆ ನೀಲಿಯ ಅಲೆ. ಅವರು ಹೊಡೆದ ಕೊನೆಯ ದೊಡ್ಡ ಕಾರ್ಡು ಅದೇ. ನನ್ನ ಮಗ್ಗದಲ್ಲಿ ನೇಯ್ದೆ. ಮೊದಲ ಸೀರೆ ರೋಜಮ್ಮನಿಗೆ ಹೋಯಿತು. ತಿಂಗಳಾದ ಮೇಲೆ ಶ್ರೀಧರನ ಫೋನಿಗೆ ಫೋಟೋ ಬಂತು. ಆರು ಗಜದ ಸೀರೆಯನ್ನು ಉದ್ದನೆಯ ಊಟದ ಮೇಜಿಗೆ ಹಾಸಿ, ಮೇಲೆ ತಟ್ಟೆ ಜೋಡಿಸಿ, ಹನ್ನೆರಡು ಜನ ಕುಳಿತು ಉಣ್ಣುತ್ತಿದ್ದಾರೆ. ಗೋವಿಂದು ನಕ್ಕು ನಕ್ಕು ಕೆಮ್ಮಿದ. ಅಣ್ಣ ಫೋಟೋವನ್ನು ದೊಡ್ಡದು ಮಾಡಿ ನೋಡಿ, "ಇರ್ಲಿ ಬಿಡೋ. ಅನ್ನ ಬಡ್ಸೋ ಜಾಗದಲ್ಲಿ ಹಾಸವ್ಳೆ. ನೆರಿಗೆ ಹಿಡಿಯೋಕ್ ಬರ್ದೆ ಇದ್ರೆ ಪಾಪ ಏನ್ ಮಾಡ್ತಾಳೆ?" ಎಂದರು. ಆ ಫೋಟೋವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರು.

ಆರು ವರ್ಷ ಬದುಕಿದರು. ಮೊನ್ನೆ ಮೊನ್ನೆ, ಬೆಳಗಿನ ಕಾಫಿ ಕುಡಿದು, ಪೇಪರ್ ಮಡಿಸಿಟ್ಟು, ಕುರ್ಚಿಯಲ್ಲೇ ಒರಗಿದವರು ಏಳಲಿಲ್ಲ. ಯಾರಿಗೂ ತೊಂದರೆ ಕೊಡದೆ ಹೋದರು ಎಂದು ಬಂದವರೆಲ್ಲ ಹೇಳಿದರು. ನನಗೆ ಆ ಮಾತು ಹಿಡಿಸಲಿಲ್ಲ. ತೊಂದರೆ ಕೊಟ್ಟುಕೊಂಡೇ ಇನ್ನೂ ಹತ್ತು ವರ್ಷ ಇರಬಹುದಿತ್ತು. ನನಗೇನು ಬೇಜಾರಿತ್ತೇ?

ಮೂರನೆಯ ದಿನ ಅವರ ಮನೆಯ ಪಡಸಾಲೆಯಲ್ಲಿ ನಾನು, ಶ್ರೀಧರ ಕುಳಿತಿದ್ದೆವು. ಅವನು ರೋಜಮ್ಮನಿಗೆ ವಿಷಯ ತಿಳಿಸಿದ್ದ. ಆಕೆಯ ಉತ್ತರ ಅವನ ಫೋನಿಗೆ ದನಿಯಾಗಿಯೇ ಬಂದಿತ್ತು. ಅವನು ಹಾಕಿದ. ಮೊದಲು ಆಕೆಯ ಭಾಷೆಯಲ್ಲಿ ಏನೇನೋ, ಅಳು ಬೆರೆತದ್ದು. ಆಮೇಲೆ ನಿಧಾನವಾಗಿ, ನಾಲಿಗೆಯನ್ನು ಸರಿಯಾಗಿ ಮೇಲಕ್ಕೆ ಮಡಚಿ, "ಬಿಡ್ತು, ಅಣ್ಣಾ. ಬಿಡ್ತು," ಎಂದಳು.

ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ನಾವು ಹೊರಟಾಗಲೆಲ್ಲ ಆಕೆ ಅಂದದ್ದು ಅದು. ಬೋಟು ಹೊರಟಾಗಲೂ ಅಂದದ್ದು ಅದು. ಆರು ವರ್ಷ ಆಕೆ ಅದನ್ನು ನಮ್ಮ ಭಾಷೆಯಲ್ಲಿ ಹೊರಡುವವರಿಗೆ ಹೇಳುವ ಮಾತು ಎಂದೇ ತಿಳಿದುಕೊಂಡಿದ್ದಳು.

"ಅರ್ಥ ಬೇರೆ ಅಂತ ಹೇಳ್ಲಾ?" ಎಂದು ಶ್ರೀಧರ ಕೇಳಿದ.

"ಬೇಡ ಕಣೋ," ಎಂದೆ. "ನಾನೇ ಏನಾದ್ರೂ ಹೇಳ್ತೀನಿ, ಹಿಡಿ."

ಅವನು ಫೋನು ಒತ್ತಿ ನನ್ನ ಬಾಯಿಯ ಹತ್ತಿರ ಹಿಡಿದ. ನನಗೆ ಆಕೆಯ ಭಾಷೆಯಲ್ಲಿ ಗೊತ್ತಿದ್ದದ್ದು ಒಂದೇ ಪದ. "ಚಾವ್, ರೋಜಮ್ಮ," ಎಂದೆ.

ಒಳಗಿನ ಕೋಣೆಯಲ್ಲಿ ಅತ್ತಿಗೆ ಮೂರು ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲ. ನೀರು ಕೊಟ್ಟರೂ ತಲೆ ಎತ್ತಿರಲಿಲ್ಲ. ನನ್ನ ಮಾತು ಕಿವಿಗೆ ಬಿದ್ದದ್ದೇ ಸರ್ರನೆ ಎದ್ದು ಬಾಗಿಲಿಗೆ ಬಂದರು. ಅಳುವ ಕಣ್ಣು, ಬಿಚ್ಚಿದ ಕೂದಲು. ಬೆರಳು ಮಾತ್ರ ನೆಟ್ಟಗೆ ಮೇಲಿತ್ತು.

"ಇಂಥಾ ಹೊತ್ನಲ್ಲಿ ಯಾರಿಗಪ್ಪಾ ಹಂಗಂತೀಯಾ? ಬಿಡ್ತು ಅನ್ನು!"

"ಬಿಡ್ತು," ಎಂದೆ.

ಶ್ರೀಧರನ ಬೆರಳು ಇನ್ನೂ ಫೋನಿನ ಮೇಲೇ ಇತ್ತು. ಅದೂ ಸೇರಿ ರೋಜಮ್ಮನಿಗೆ ಹೋಯಿತು.